ಅವೇ ಎಂಟು ಅಕ್ಷರ

ಕುಬೇರಪ್ಪನವರನ್ನು ನಾನು ಹತ್ತು ಸಲ ಬೈದಿದ್ದೇನೆ. ಒಂದು ಸಲವೂ ಬಾಯಿಬಿಟ್ಟು ಅಲ್ಲ. ಹತ್ತೂ ಸಲ ಕಂಪ್ಯೂಟರಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಸಂಬಳದ ಕೆಲಸದ ಭಾಗವಾಗಿಯೇ ಬೈದದ್ದು. ಅದು ಹೇಗೆಂದು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಆ ಗುರುವಾರ ನನ್ನ ಜೀವ ಯಾಕೆ ಬಾಯಿಗೆ ಬಂದಿತ್ತು ಎನ್ನುವುದು ಯಾರಿಗೂ ಅರ್ಥವಾಗುವುದಿಲ್ಲ.

ಅದು ಎರಡು ಸಾವಿರದ ಇಸವಿಯ ನವೆಂಬರ್. ಸಾಂಟಾ ಕ್ಲಾರಾದಲ್ಲಿ ಎಲ್ ಕಮೀನೋ ರಸ್ತೆಯಿಂದ ಎರಡು ಬೀದಿ ಒಳಗೆ, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲೆ ನಮ್ಮ ಆಫೀಸು. ನಮ್ಮ ವೆಬ್‌ಸೈಟಿಗೆ ಗೊತ್ತಿದ್ದ ವಿದ್ಯೆ ಒಂದೇ. ನೀವು ಕೆಲವು ಅಕ್ಷರ ಕೊಡಬೇಕು, ಆ ಅಕ್ಷರಗಳೆಲ್ಲ ಇರುವ ಇಂಗ್ಲಿಷ್ ಪದಗಳನ್ನು ಅದು ಹುಡುಕಿ ಕೊಡುತ್ತದೆ. ಅಕ್ಷರ ಯಾವ ಕ್ರಮದಲ್ಲಿದ್ದರೂ ಸರಿ, ನಡುವೆ ಬೇರೆ ಅಕ್ಷರ ಬಂದರೂ ಸರಿ. ಒಂದೇ ಅಕ್ಷರವನ್ನು ಎರಡು ಸಲ ಒತ್ತಿದರೂ ಒಂದೇ ಎಂದು ತಿಳಿಯುತ್ತದೆ. ಪದಬಂಧ ಬಿಡಿಸುವವರು, ಸ್ಪೆಲಿಂಗ್ ಆಟದ ಹುಚ್ಚಿನವರು ನಮ್ಮ ಗಿರಾಕಿಗಳು. ಇದಕ್ಕೂ ಒಂದು ಕಂಪನಿ ಬೇಕೇ ಎಂದು ನಗಬೇಡಿ. ಆಗ ನಾಯಿಬಿಸ್ಕತ್ತಿಗೂ ಒಂದು ಡಾಟ್‌ಕಾಮ್ ಇತ್ತು.

ಕಂಪನಿ ಕಟ್ಟಿದವರು ದಾವಣಗೆರೆಯ ಕುಬೇರಪ್ಪ. ಅಮೆರಿಕದವರ ಬಾಯಲ್ಲಿ ಕುಬೇರ. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೇಳುತ್ತಿದ್ದರು. ಒಳ್ಳೆಯ ಮನುಷ್ಯರ ಹತ್ತಿರ ಕೆಲಸ ಮಾಡಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಹಾಗೆ ಹೇಳುವವರಿಗೆ ಗೊತ್ತಿರುವುದಿಲ್ಲ. ಯಾರೇ ಸೈಟು ನೋಡಲು ಬಂದರೂ ಅವರು ಮೊದಲು ಟೈಪ್ ಮಾಡಿಸುತ್ತಿದ್ದುದು ತಮ್ಮ ಹೆಸರಿನ ಅಕ್ಷರಗಳನ್ನೇ: ಕೆ, ಯು, ಬಿ, ಇ, ಆರ್, ಎ. ಪರದೆಯ ಮೇಲೆ ಬ್ರೇಕಪ್, ಲಂಬರ್‌ಜಾಕ್, ಔಟ್‌ಬ್ರೇಕ್ ಎಂದು ನಾಲ್ಕಾರು ಪದ ಬಂದು, ಕೊನೆಗೆ ಅನ್‌ಬ್ರೇಕಬಲ್ ಬರುತ್ತಿತ್ತು. ಅಂದರೆ ಮುರಿಯಲಾಗದ್ದು. ಅದು ಬಂದ ತಕ್ಷಣ ಕುಬೇರಪ್ಪನವರು ಎದ್ದು ನಿಂತು, 'ನೋಡಿ, ನನ್ನ ಹೆಸರಿನೊಳಗೆ ಏನಿದೆ' ಎಂದು ಭಾಷಣ ಶುರು ಮಾಡುತ್ತಿದ್ದರು.

ನಾನು ಅಲ್ಲಿ ಟೆಸ್ಟರು. ಪದಗಳ ಪಟ್ಟಿಗೆ ಹೊಸ ಪದ ಸೇರಿಸಿದರೆ ಅದು ಹುಡುಕಾಟದಲ್ಲಿ ಸಿಗುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸ. ಇಂಗ್ಲಿಷ್ ಪದ ಸೇರಿಸಿ ನೋಡಿದರೆ ಅದು ಹಳೆಯದೋ ಹೊಸದೋ ತಿಳಿಯುವುದಿಲ್ಲ. ಪಟ್ಟಿಯಲ್ಲಿ ಇರಲು ಸಾಧ್ಯವೇ ಇಲ್ಲದ ಪದ ಬೇಕು. ಅದಕ್ಕೆ ನಾನು ಕನ್ನಡ ಪದ ಹಾಕುತ್ತಿದ್ದೆ. 'ಎಲ್ಲಾ ಟೆಸ್ಟಿಂಗೂ ನನ್ನ ಹೆಸರಿನ ಅಕ್ಷರದ ಮೇಲೇ ಮಾಡಮ್ಮ, ಡೆಮೋದಾಗ ಅದೇ ಬರೋದು' ಎಂದು ಅವರೇ ಹೇಳಿದ್ದರಿಂದ, ನಾನು ಹಾಕುವ ಪದದಲ್ಲಿ ಕುಬೇರ ಇರಲೇಬೇಕಿತ್ತು. ಬೈಯಲು ಮೇಜು ಹಾಕಿಕೊಟ್ಟವರೇ ಅವರು.

ಸಿಟ್ಟು ಬರಲು ಕಾರಣ ನನ್ನ ಗ್ರೀನ್ ಕಾರ್ಡ್ ಅರ್ಜಿ. ನನ್ನ ವೀಸಾ ಆರು ವರ್ಷದ್ದು. ಮುಂದಿನ ವರ್ಷದ ಡಿಸೆಂಬರ್ ಹತ್ತಕ್ಕೆ ಆರು ವರ್ಷ ತುಂಬುತ್ತದೆ. ಅದಕ್ಕೆ ಒಂದು ವರ್ಷ ಮೊದಲು, ಅಂದರೆ ಈ ಡಿಸೆಂಬರ್ ಹತ್ತರೊಳಗೆ, ಕಂಪನಿ ನನ್ನ ಅರ್ಜಿ ಹಾಕಿರಬೇಕು. ಹಾಕಿದ್ದರೆ ಇಲ್ಲೇ ಇರಬಹುದು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಸೆಪ್ಟೆಂಬರಿನಲ್ಲಿ ನನ್ನ ಗಂಡ ಸುರೇಶನ ಕಂಪನಿ ಬಾಗಿಲು ಹಾಕಿದ ಮೇಲೆ ಅವನೂ ನನ್ನ ವೀಸಾಕ್ಕೇ ಜೋತುಬಿದ್ದಿದ್ದ. ಲಾಯರು ಅರ್ಜಿ ತುಂಬಿ ಫೆಬ್ರವರಿಯಲ್ಲೇ ಕಳಿಸಿದ್ದರು. ಕುಬೇರಪ್ಪನವರು ಒಂದು ಸಹಿ ಹಾಕಿ, ಪಕ್ಕದಲ್ಲಿ ತಾರೀಖು ಬರೆಯಬೇಕಿತ್ತು. ಅಷ್ಟೇ ಬಾಕಿ.

'ಅದಕ್ಕೇನಂತೆ, ನಾಳೆ ಮಾಡಾಣ' ಎಂದು ಮೊದಲ ಸಲ ಅಂದದ್ದು ಫೆಬ್ರವರಿ ಒಂಬತ್ತಕ್ಕೆ. ನಾನು ಹಾಸನದಲ್ಲಿ ಚಿಕ್ಕವಳಿದ್ದಾಗ ಒಂದು ವರ್ಷ ಬೀದಿಯಲ್ಲೆಲ್ಲ ಬಾಗಿಲ ಮೇಲೆ 'ನಾಳೆ ಬಾ' ಎಂದು ಸೀಮೆಸುಣ್ಣದಲ್ಲಿ ಬರೆದಿದ್ದರು. ದೆವ್ವ ಬಂದು ಅದನ್ನು ಓದಿ, ಸರಿ ಎಂದು ವಾಪಸ್ ಹೋಗಿ, ಮರುದಿನ ಬಂದು ಮತ್ತೆ ಓದುತ್ತದಂತೆ. ಒಂಬತ್ತು ತಿಂಗಳು ನಾನು ಆ ದೆವ್ವದ ಕೆಲಸ ಮಾಡಿದೆ. ಮೊದಲ ದಿನ ಜಾಗಕ್ಕೆ ವಾಪಸ್ ಬಂದು, ಹೊಟ್ಟೆ ಉರಿದು, ಪಟ್ಟಿಗೆ 'ಕುಬೇರನಾಳೆ' ಎಂದು ಸೇರಿಸಿದೆ. ಹುಡುಕಿದೆ, ಸಿಕ್ಕಿತು. ಟೆಸ್ಟ್ ಪಾಸ್ ಎಂದು ಬರೆದೆ. ಮನಸ್ಸು ಸ್ವಲ್ಪ ಹಗುರಾಯಿತು. ಒಮ್ಮೆ ಹಾಕಿದ ಪದವನ್ನು ಪಟ್ಟಿ ಮತ್ತೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಪ್ರತಿ 'ನಾಳೆ'ಗೂ ಹೊಸ ಪದ ಹುಡುಕಬೇಕಾಯಿತು. ಕುಬೇರಮತ್ತೆ, ಕುಬೇರಸುಳ್ಳು, ಕುಬೇರಬುರುಡೆ, ಕುಬೇರಗೂಬೆ. ಆಗಸ್ಟಿನಲ್ಲಿ ಕುಬೇರಕತ್ತೆ. ಪ್ರತಿಯೊಂದಕ್ಕೂ ಸೇರಿಸಿದ ದಿನ ತಾನಾಗಿಯೇ ದಾಖಲಾಗುತ್ತಿತ್ತು. ನನ್ನ ಯಂತ್ರದ ಪಟ್ಟಿ ಬೇರೆ, ಗಿರಾಕಿಗಳ ಪಟ್ಟಿ ಬೇರೆ. ಹೊರಗಿನವರಿಗೆ ಅದು ಕಾಣುವ ಭಯವೇ ಇರಲಿಲ್ಲ.

ಅಷ್ಟರಲ್ಲಿ ಆಟದ ಸಾಮಾನು ಮಾಡುವ ದೊಡ್ಡ ಕಂಪನಿಯೊಂದು ನಮ್ಮನ್ನು ಕೊಳ್ಳುವ ಮಾತು ಬಂತು. ಬುಧವಾರ ಮಧ್ಯಾಹ್ನ ಮತ್ತೆ ಅವರ ಕ್ಯಾಬಿನ್ನಿಗೆ ಹೋಗಿ ನಿಂತೆ. 

"ಸಾರ್, ಬರೀ ಒಂದು ಸೈನು."

"ಪ್ರಭಾ, ನಾಳೆ ಅವರು ಬರ್ತಾರಮ್ಮ. ಅದೊಂದು ಮುಗೀಲಿ, ಅವರು ಆ ಕಡೆ ಹೋಗ್ತಿದ್ದಂಗೆ ಸೈನ್ ಹಾಕ್ತೀನಿ. ಫೈಲು ಇಲ್ಲೇ ಮೇಜಿನ ಮ್ಯಾಲೇ ಐತಿ ನೋಡು."

ಹೌದು, ಫೈಲು ಅಲ್ಲೇ ಇತ್ತು. ಫೆಬ್ರವರಿಯಿಂದಲೂ ಅಲ್ಲೇ ಇತ್ತು. ಈ ಸಲ ಹೊಸ ಪದ ಹಾಕಲೂ ಮನಸ್ಸಾಗಲಿಲ್ಲ.

ಗುರುವಾರ, ಹದಿನಾರನೇ ತಾರೀಖು, ನಾನು ಬೆಳಿಗ್ಗೆ ಎಂಟೂವರೆಗೇ ಆಫೀಸಿನಲ್ಲಿದ್ದೆ. ಕ್ಯಾಂಪ್‌ಬೆಲ್‌ನ ನಮ್ಮ ಅಪಾರ್ಟ್‌ಮೆಂಟಿನಿಂದ ಬರುವ ದಾರಿಯುದ್ದಕ್ಕೂ ಕಾರಿನ ರೇಡಿಯೋ ಫ್ಲೋರಿಡಾದ ವೋಟುಗಳ ಮರುಎಣಿಕೆಯನ್ನೇ ಹೇಳುತ್ತಿತ್ತು. ಅರ್ಫಾತ್ ಆಗಲೇ ಬಂದು ಕೂತಿದ್ದ. ಬೆಂಗಳೂರಿನ ಶಿವಾಜಿನಗರದವನು, ಪದಗಳ ಪಟ್ಟಿಯ ಜವಾಬ್ದಾರಿ ಅವನದು. ನಾನು ಕಾಫಿ ಕುಡಿಯುತ್ತ ಸುಮ್ಮನೆ ಕೇಳಿದೆ.

"ಡೆಮೋಗೆ ಯಾವ ಪಟ್ಟಿ ಇಟ್ಟಿದೀಯ?"

"ನಿಮ್ದೇ ಅಕ್ಕಾ. ಸೋಮವಾರ ಕೇಳಿದ್ನಲ್ಲ, ಲೇಟೆಸ್ಟ್ ಯಾವ್ದು ಅಂತ. ನಂದೇ ಲೇಟೆಸ್ಟು, ತಗೋ ಅಂದ್ರಿ."

ಅಂದಿದ್ದೆ. ಸುರೇಶನಿಗೆ ಸಂದರ್ಶನಕ್ಕೆ ಕರೆ ಬಂದಿತ್ತು, ಫೋನಿನಲ್ಲಿ ಮಾತಾಡುತ್ತಲೇ, ತಿರುಗಿಯೂ ನೋಡದೆ ಅಂದಿದ್ದೆ. ನನ್ನದೇ ಹೊಸದು ಎನ್ನುವುದೂ ನಿಜವೇ. ಆದರೆ ಆ ಹತ್ತು ಪದಗಳು ಇದ್ದದ್ದೂ ಅದರಲ್ಲೇ.

"ತೆಗೀಬೇಕು ಅರ್ಫಾತ್. ಈಗಲೇ. ಅದ್ರಲ್ಲಿ ನನ್ನ ಟೆಸ್ಟ್ ಪದ ಇವೆ."

"ಇದ್ರೆ ಇರ್ಲಿ ಬಿಡಿ ಅಕ್ಕಾ, ಯಾರ್ ನೋಡ್ತಾರೆ?"

ಅವನ ಕಂಪ್ಯೂಟರಿನಲ್ಲೇ ಕುಬೇರ ಎಂದು ಒತ್ತಿ ತೋರಿಸಿದೆ. ಅವನು ಒಂದೊಂದೇ ಪದ ಓದಿದ. ಕತ್ತೆ ಬಂದಾಗ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ.

"ಅಯ್ಯೋ, ಸೀಡಿ ಮಂಗಳವಾರಾನೇ ಕಂಪನಿ ಕೊಳ್ಳೋರಿಗೆ ಕಳಿಸಿಬಿಟ್ನಲ್ಲಾ. ಅವರ ಲ್ಯಾಪ್‌ಟಾಪಲ್ಲೇ ಲೋಡ್ ಮಾಡ್ಕೊಂಡು ತರ್ತಾರಂತೆ. ನಾವ್ ಏನಾದ್ರೂ ಕೈಚಳಕ ತೋರಿಸ್ಬಾರ್ದು ಅಂತ ಅವರ ಲಾಯರ್ ಹಂಗ್ ಹೇಳಿದಾನೆ."

ಪರದೆಯ ಮೇಲೆ ತಮ್ಮ ಹೆಸರಿನ ಜೊತೆ ಕತ್ತೆ, ಗೂಬೆ, ಬುರುಡೆ ನೋಡಿದ ಮನುಷ್ಯ ಅದೇ ದಿನ ಮಧ್ಯಾಹ್ನ ನನ್ನ ಕಾಗದಕ್ಕೆ ಸಹಿ ಹಾಕುತ್ತಾರೆಯೇ? ಬೇರೆ ಯಾರಾದರೂ ಬರೆದರು ಎನ್ನುವ ಹಾಗೂ ಇಲ್ಲ, ಆಫೀಸಿನಲ್ಲಿ ಕನ್ನಡದವರು ನಾವು ಮೂರೇ ಜನ. ಹೇಳಿಬಿಡೋಣ ಎಂದು ಅವರ ಕ್ಯಾಬಿನ್ನಿನ ತನಕ ಹೋದೆ. ಕುಬೇರಪ್ಪನವರು ಹೊಸ ಕೋಟು ಹಾಕಿಕೊಂಡು ಫೋನಿನಲ್ಲಿದ್ದರು. ನನ್ನನ್ನು ಕಂಡು ಆಮೇಲೆ ಎನ್ನುವಂತೆ ಕೈ ಆಡಿಸಿದರು. ಮೇಜಿನ ಮೇಲೆ ನನ್ನ ಫೈಲು ಕಾಣುತ್ತಿತ್ತು. ಅದನ್ನು ನೋಡಿ ನನ್ನ ಧೈರ್ಯವೆಲ್ಲ ಉಡುಗಿತು. ವಾಪಸ್ ಬಂದೆ.

ಇನ್ನು ಒಂದು ಗಂಟೆ. ಡೆಮೋದಲ್ಲಿ ಕೀಲಿಮಣೆಯ ಮುಂದೆ ಕೂರುವವಳು ನಾನೇ. ಉಳಿದ ದಾರಿ ಅದೊಂದೇ. ಕುಬೇರ ಎನ್ನುವ ಆರು ಅಕ್ಷರಗಳ ಜೊತೆ ಕೈತಪ್ಪಿದ ಹಾಗೆ ಇನ್ನೊಂದು ಅಕ್ಷರ ಒತ್ತಿದರೆ? ನನ್ನ ಹತ್ತು ಪದಗಳಲ್ಲಿ ಯಾವುದರಲ್ಲೂ ಇಲ್ಲದ, ಅನ್‌ಬ್ರೇಕಬಲ್‌ನಲ್ಲಿ ಇರುವ ಅಕ್ಷರ ಒಂದೇ ಒಂದು ಸಿಕ್ಕರೆ ಬಚಾವು. ಟಿಶ್ಯೂ ಕಾಗದದ ಮೇಲೆ ಬರೆದುಕೊಂಡು ಕೂತೆ. ಬೇರೆಯವರಿಗೆ ಪದ ಹುಡುಕಿಕೊಡುವ ಕಂಪನಿಯಲ್ಲಿ ಎರಡು ವರ್ಷ ಕೆಲಸ ಮಾಡಿದವಳು, ಮೊದಲ ಬಾರಿಗೆ ನನಗಾಗಿ ಅಕ್ಷರ ಹುಡುಕುತ್ತಿದ್ದೆ.

ಎನ್ ಎನ್ನುವ ಅಕ್ಷರ ಕತ್ತೆಯಲ್ಲಿಲ್ಲ. ಗೂಬೆಯಲ್ಲಿಲ್ಲ, ಬುರುಡೆಯಲ್ಲಿಲ್ಲ, ಸುಳ್ಳಿನಲ್ಲಿಲ್ಲ, ಮತ್ತೆಯಲ್ಲಿಲ್ಲ. ಒಂಬತ್ತು ಪದ ಒಂದೇ ಏಟಿಗೆ ಮಾಯ. ಎದೆ ಹಗುರಾಗುವಷ್ಟರಲ್ಲಿ ಮೊದಲ ದಿನದ ಪದ ನೆನಪಾಯಿತು. ಕುಬೇರನಾಳೆ. ಅದರಲ್ಲಿ ಎನ್ ಇದೆ. ಸರಿ, ಎಲ್ ಹಾಕೋಣ ಎಂದರೆ ಎಲ್ ಕೂಡ ಇದೆ. ಎರಡೂ ಪದಗಳನ್ನು ಒಂದರ ಕೆಳಗೊಂದು ಬರೆದು ಅಕ್ಷರ ಹೊಡೆದುಹಾಕುತ್ತ ಬಂದೆ. ಕೆ, ಯು, ಬಿ, ಇ, ಆರ್, ಎ, ಎನ್, ಎಲ್. ಅನ್‌ಬ್ರೇಕಬಲ್‌ನಲ್ಲಿ ಈ ಎಂಟೇ ಅಕ್ಷರ. ಕುಬೇರನಾಳೆಯಲ್ಲಿಯೂ ಅವೇ ಎಂಟು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಮ್ಮ ಯಂತ್ರಕ್ಕೆ ಅವೆರಡೂ ಒಂದೇ. ಬ್ರಹ್ಮ ಬಂದು ಟೈಪ್ ಮಾಡಿದರೂ ಒಂದು ಬಂದಲ್ಲಿ ಇನ್ನೊಂದು ಬರುತ್ತದೆ. 

ಪಿ ಒತ್ತಿದರೆ ಕುಬೇರನಾಳೆ ಹೋಗುತ್ತದೆ, ಆದರೆ ಮುರಿಯಲಾಗದ್ದೂ ಹೋಗಿ ಬ್ರೇಕಪ್ ಉಳಿಯುತ್ತದೆ. ಎರಡು ಕಂಪನಿ ಕೂಡುವ ದಿನ ಪರದೆಯ ತುಂಬ ಬ್ರೇಕಪ್! ಟಿ ಒತ್ತಿದರೆ ಔಟ್‌ಬ್ರೇಕಿನ ಜೊತೆ ಕತ್ತೆಯೂ ಬರುತ್ತದೆ. ಭಾಷಣದ ಪದ ಬರದಿದ್ದರೆ ಕುಬೇರಪ್ಪನವರೇ ಬಗ್ಗಿ ಸರಿಯಾಗಿ ಟೈಪ್ ಮಾಡುತ್ತಾರೆ, ಆಗ ಹತ್ತೂ ಬರುತ್ತವೆ. ಕೊನೆಗೆ ಎನ್ ಒತ್ತುವುದೆಂದು ನಿಶ್ಚಯಿಸಿದೆ. ಒಂಬತ್ತಾದರೂ ಮುಚ್ಚಿಹೋಗಲಿ. ಹತ್ತನೆಯದು ಅವರ ಕಣ್ಣಿಗೆ ಬೀಳದಿರಲಿ ಎಂದು ಬೇಡಿಕೊಂಡೆ.

ಹತ್ತು ಗಂಟೆಗೆ ಇಬ್ಬರು ಬಂದರು. ಬೂದುಬಣ್ಣದ ಕೋಟಿನ ಎತ್ತರದ ಹೆಂಗಸು, ಜೊತೆಗೆ ಅವರ ಲಾಯರು. ಲಾಯರು ಲ್ಯಾಪ್‌ಟಾಪ್ ಬಿಚ್ಚಿ ನನ್ನ ಮುಂದಿಟ್ಟು, ಗೋಡೆಯ ಪರದೆಗೆ ಜೋಡಿಸಿದ. ಕುಬೇರಪ್ಪನವರು ಕೈ ಉಜ್ಜಿಕೊಳ್ಳುತ್ತ, ಇಂಗ್ಲಿಷಿನಲ್ಲಿ ತಮಾಷೆ ಮಾಡುತ್ತ, ನನ್ನ ಹೆಸರಿನಿಂದಲೇ ಶುರು ಮಾಡೋಣ ಎಂದರು. ನಾನು ಆರು ಅಕ್ಷರ ಒತ್ತಿದೆ. ಏಳನೆಯದಾಗಿ ಎನ್ ಒತ್ತಿದೆ. ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು, ಮುಚ್ಚಲಿಲ್ಲ.

ಪರದೆಯ ಮೇಲೆ ಎರಡು ಪದ ಬಂದವು. ಎರಡೇ ಇದ್ದದ್ದರಿಂದ ಒಂದೊಂದೂ ಗೋಡೆಯ ಮೇಲೆ ಗೇಣುದ್ದ ಕಾಣುತ್ತಿತ್ತು. ಮೇಲೆ ಕುಬೇರನಾಳೆ, ಕೆಳಗೆ ಅನ್‌ಬ್ರೇಕಬಲ್. ಉಳಿದೆಲ್ಲ ಪದಗಳ ನಡುವೆ ಬಂದಿದ್ದರೆ ಕಣ್ತಪ್ಪುತ್ತಿತ್ತೇನೋ. ನಾನೇ ಗುಡಿಸಿ ಒರೆಸಿ ಜಾಗ ಮಾಡಿಕೊಟ್ಟಂತಾಯಿತು.

ಕುಬೇರಪ್ಪನವರು ಕೆಳಗಿನ ಪದವನ್ನೇ ನೋಡುತ್ತ ಭಾಷಣ ಶುರು ಮಾಡಿದ್ದರು. ಹೆಂಗಸು ಕೈಯೆತ್ತಿ, ಮೊದಲನೇ ಪದ ನನಗೆ ಗೊತ್ತಿಲ್ಲ, ಅದರ ಅರ್ಥವೇನು ಎಂದು ಕೇಳಿದರು. ಕುಬೇರಪ್ಪನವರು ತಿರುಗಿ ಓದಿದರು. ಇನ್ನೊಮ್ಮೆ ಓದಿದರು. ನನ್ನ ಕಡೆ ನೋಡಲಿಲ್ಲ. ಅವರ ಕುತ್ತಿಗೆ ಕೆಂಪಾದದ್ದು ನನಗೆ ಕಂಡಿತು.

"ಅದು ಇಂಗ್ಲಿಷ್ ಅಲ್ಲ," ಎಂದರು ನಿಧಾನವಾಗಿ, ಇಂಗ್ಲಿಷಿನಲ್ಲಿ. "ನಮ್ಮ ಟೆಸ್ಟರುಗಳು ಹಾಕುವ ಪದ. ಕುಬೇರ ಎಲ್ಲದಕ್ಕೂ ನಾಳೆ ಅನ್ನುತ್ತಾನೆ ಅಂತ ಅರ್ಥ. ನಿಜ, ನಾನು ಹಾಗೆ ಅನ್ನುತ್ತೇನೆ."

ಹೆಂಗಸು ಜೋರಾಗಿ ನಕ್ಕರು. ನಮ್ಮ ಆಫೀಸಿನಲ್ಲೂ ಇಂಥವರಿದ್ದಾರೆ ಎಂದರು. ಲಾಯರು ನಗದೆ, ತೆಗೆಯಬೇಕಾದ ಪದ ಒಂದು ಎಂದು ಬರೆದುಕೊಂಡ. ಆಮೇಲೆ ಬಂದವರೇ ಹೇಳಿದ ನಾಲ್ಕಾರು ಹುಡುಕಾಟ ಮಾಡಿ ತೋರಿಸಿದೆ. ಹನ್ನೊಂದು ಗಂಟೆಗೆ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಹನ್ನೆರಡಕ್ಕೆ ಒಪ್ಪಂದಕ್ಕೆ ಸಹಿಯಾಯಿತು. ಅರ್ಫಾತ್ ನನ್ನ ಬೆನ್ನು ತಟ್ಟಿ, "ಬಚಾವಾದ್ರಿ ಅಕ್ಕಾ," ಎಂದ. ಅವನಿಗೇನು ಗೊತ್ತು! ಒಳಗಿನಿಂದ ಕರೆ ಬರುವವರೆಗೆ ನಾನು ನೀರೂ ಕುಡಿಯಲಿಲ್ಲ.

ಕರೆ ಬಂತು. ಕುಬೇರಪ್ಪನವರು ಕೋಟು ತೆಗೆದು ಕುರ್ಚಿಗೆ ಹಾಕಿದ್ದರು.

"ಅದೊಂದೇನಾ, ಇನ್ನೂ ಅದಾವಾ?"

ಸುಳ್ಳು ಹೇಳಬಹುದಿತ್ತು. ಆದರೆ ಅಷ್ಟು ಹೊತ್ತು ಹೆದರಿ ಹೆದರಿ ಸಾಕಾಗಿತ್ತು. "ಇನ್ನೂ ಒಂಬತ್ತಿವೆ ಸಾರ್," ಎಂದೆ. ತೋರಿಸು ಎಂದರು. ಅವರ ಕಂಪ್ಯೂಟರಿನಲ್ಲೇ ತೆಗೆದು ತೋರಿಸಿದೆ, ತಾರೀಖುಗಳ ಸಮೇತ. ಕನ್ನಡಕ ಏರಿಸಿಕೊಂಡು ಓದಿದರು. ಕತ್ತೆಗೆ ಸ್ವಲ್ಪ ನಕ್ಕರು. ಬುರುಡೆಗೆ ನಗಲಿಲ್ಲ.

"ಈ ತಾರೀಖು ಏನಮ್ಮ?"

"ನೀವು ನಾಳೆ ಅಂದ ದಿನಗಳು ಸಾರ್. ಒಂದೊಂದಕ್ಕೆ ಒಂದೊಂದು."

ಅವರು ಪಟ್ಟಿಯನ್ನು ಮೇಲಿನಿಂದ ಕೆಳಗೆ ಮತ್ತೆ ಓದಿದರು. "ಇಷ್ಟು ಸಲ ಬಂದಿದ್ದೆಯೇನವ್ವಾ ನೀನು," ಎಂದರು ಕೊನೆಗೆ. ದನಿ ಇಳಿದಿತ್ತು. ಫೈಲು ಎಳೆದುಕೊಂಡರು, ಪೆನ್ನು ತೆಗೆದರು, ಸಹಿ ಹಾಕಿದರು. ನನಗೆ ಅಳು ಬಂದುಬಿಟ್ಟಿತು. ಬೈದದ್ದಕ್ಕೆಲ್ಲ ಅವರ ಕಾಲು ಹಿಡಿದುಬಿಡೋಣ ಎನಿಸಿತು.

ತಾರೀಖಿನ ಜಾಗಕ್ಕೆ ಬಂದಾಗ ಅವರ ಪೆನ್ನು ನಿಂತಿತು. ಪಕ್ಕದಲ್ಲಿದ್ದ ಹೊಸ ಒಪ್ಪಂದವನ್ನು ತೆಗೆದುಕೊಂಡು ಹಾಳೆ ತಿರುವಿದರು. ಒಂದು ಕಡೆ ಬೆರಳಿಟ್ಟು ಓದಿದರು. 

"ಅಯ್ಯೋ ಶಿವನೇ."

"ಏನಾಯ್ತು ಸಾರ್?"

"ಇವತ್ತಿನಿಂದ ಕಂಪನಿ ಹೆಸರಲ್ಲಿ ಹೊಸ ಕೆಲಸಗಾರರು, ವೀಸಾ, ಗ್ರೀನ್ ಕಾರ್ಡು, ಯಾವುದಕ್ಕೂ ನಾನು ಸೈನ್ ಮಾಡಂಗಿಲ್ಲ. ಅವರು ಒಪ್ಪಬೇಕು. ಅವರು ಎಲ್ಲಿ ಒಪ್ತಾರಮ್ಮ, ಜನಾನೇ ಕಡಿಮೆ ಮಾಡ್ತೀವಿ ಅಂತಿದಾರೆ. ನಿನ್ನೆ ರಾತ್ರಿ ಓದಿದ್ದೆ ಇದನ್ನ. ನಿಂದು ನೆನಪೇ ಆಗಲಿಲ್ಲ." ಅವರು ಹಣೆ ಒತ್ತಿಕೊಂಡರು. "ನಿನ್ನೆ ಬಂದಿದ್ರೆ ಮಾಡಿಕೊಡ್ತಿದ್ದೆನಲ್ಲವ್ವಾ."

ಆ ಮಾತಿಗೆ ನನ್ನ ಹೆದರಿಕೆಯೆಲ್ಲ ಸುಟ್ಟುಹೋಯಿತು.

"ನಿನ್ನೆ ಬಂದಿದ್ದೆ ಸಾರ್. ಇದೇ ಜಾಗದಲ್ಲಿ ನಿಂತಿದ್ದೆ. ನಾಳೆ ಅಂದ್ರಿ."

ಪೆನ್ನಿನ ತುದಿ ತಾರೀಖಿನ ಖಾಲಿ ಜಾಗದ ಮೇಲೆ ಹಾಗೇ ನಿಂತಿತ್ತು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಏನು ಮಾಡಬಹುದೆಂದು ಇಬ್ಬರಿಗೂ ಗೊತ್ತಿತ್ತು. ಅದನ್ನು ತಾವಾಗಿ ಹೇಳಲು ಅವರಿಗೆ ಆಗುತ್ತಿಲ್ಲ, ನಾನು ಹೇಳಲಿ ಎಂದು ಕಾಯುತ್ತಿದ್ದಾರೆ ಎನ್ನುವುದೂ ನನಗೆ ಗೊತ್ತಾಯಿತು. ಅವರ ಸುಳ್ಳುಗಳಿಗೆ ಒಂದೊಂದಾಗಿ ತಾರೀಖು ಹಚ್ಚಿ, ಅವರ ಕಣ್ಣಿಗೇ ಹಿಡಿದು ಐದು ನಿಮಿಷವೂ ಆಗಿರಲಿಲ್ಲ. ಸುರೇಶ ಬೆಳಿಗ್ಗೆ, ಇವತ್ತು ಸೈನ್ ಹಾಕಿಸ್ಕೊಂಡೇ ಬರ್ತೀಯಲ್ವಾ ಎಂದು ಕೇಳಿದ್ದ. ಹೂಂ ಅಂದು ಬಂದಿದ್ದೆ.

"ಹದಿನೈದು ಅಂತ ಹಾಕಿ ಸಾರ್," ಎಂದೆ.

"ಹಾಕ್ಲಾ?"

"ಹಾಕಿ."

ಅವರು ಹಾಕಿದರು. ಶಾಯಿ ಆರಲೆಂದು ನಾನೇ ಬಗ್ಗಿ ಊದಿದೆ. ಕಾಗದ ನನ್ನ ಕೈಗೆ ಕೊಡುವಾಗ ಅವರು ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ. ಅಂದಿನಿಂದ ಇಂದಿನವರೆಗೆ ಕುಬೇರಪ್ಪನವರನ್ನು ಬೈಯಲು ನನಗೆ ಬಾಯಿಲ್ಲ.